ತಿಮಿಂಗಿಲದ ಲದ್ದಿ ಹುಡುಕಿದ ಗಾಳಿರಾಯ

ಪ್ರಪಂಚದಲ್ಲಿ ಮೂರ್ಖರು ಯಾರ್ಯಾರು ಎಂದು ಗಾಳಿರಾಯನನ್ನು ಕೇಳಿದರೆ ಅವನು ಬೆರಳು ಮಡಚಿ ಲೆಕ್ಕ ಹಾಕುತ್ತ ಕೂರುತ್ತಿರಲಿಲ್ಲ. ತನ್ನನ್ನು ಬಿಟ್ಟು ಮಿಕ್ಕವರೆಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಮನಸ್ಸು ಸ್ವಲ್ಪ ಉದಾರವಾಗಿದ್ದ ದಿನ ತನ್ನ ನಾಯಿಯನ್ನೂ ಆ ಗುಂಪಿನಿಂದ ಹೊರಗಿಡುತ್ತಿದ್ದ. ಹೆಂಡತಿಯನ್ನು ಹೊರಗಿಟ್ಟದ್ದು ಯಾರೂ ಕೇಳಿಲ್ಲ.

ಗಾಳಿರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ದೋಣಿಗಳು ನಿಲ್ಲುವ ಜೆಟ್ಟಿಯ ಮೇಲಿನ ಜನ ಇಟ್ಟದ್ದು. ಬೆಳಗಾದರೆ ಜೆಟ್ಟಿಯ ತುದಿಗೆ ಬಂದು, ತೋರುಬೆರಳನ್ನು ನೆಕ್ಕಿ ಮೇಲೆತ್ತಿ, ಇವತ್ತು ಗಾಳಿ ಎಲ್ಲಿಂದ ಎಲ್ಲಿಗೆ ಎಂದು ಊರಿಗೆಲ್ಲ ಕೇಳುವ ಹಾಗೆ ಸಾರುತ್ತಿದ್ದ. ತಲೆಯ ಮೇಲೇ ಬಂದರಿನ ಬಾವುಟ ಪಟಪಟ ಹಾರುತ್ತಿತ್ತು, ಕತ್ತೆತ್ತಿ ನೋಡಿದರೆ ಸಾಕಿತ್ತು. ಯಾರಾದರೂ ಹಾಗೆಂದರೆ, "ಬಾವುಟಕ್ಕೇನ್ರೀ ಗೊತ್ತು, ಅದು ಬಟ್ಟೆ" ಎನ್ನುತ್ತಿದ್ದ.

ಮೊದಲು ಅವನು ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆ ಮೂಸುವ ನಾಯಿಗಳನ್ನು ಪಳಗಿಸುತ್ತಿದ್ದ. ಒಂದು ದಿನ ಮೇಲಧಿಕಾರಿಗೆ, ಅವನ ಹೆಂಡತಿ ಮಕ್ಕಳ ಎದುರಿಗೇ, "ನಿಮಗಿಂತ ನನ್ನ ನಾಯಿಗೆ ಬುದ್ಧಿ ಜಾಸ್ತಿ" ಎಂದುಬಿಟ್ಟ. ಮಾತು ನಿಜವೇ ಇದ್ದರೂ ಇರಬಹುದು, ಕೆಲಸವಂತೂ ಹೋಯಿತು. ತಮ್ಮನ ಜೊತೆ ಮಾತು ಬಿಟ್ಟದ್ದು ಮನೆಯ ಗೋಡೆಗೆ ಯಾವ ಬಣ್ಣ ಎಂಬ ವಿಷಯಕ್ಕೆ. ಅಳಿಯನ ಜೊತೆ ಬಿಟ್ಟದ್ದು ಅಳಿಯ ಕಾರನ್ನು ಹಿಂದಕ್ಕೆ ತೆಗೆಯುವ ರೀತಿ ಸರಿಯಿಲ್ಲವೆಂದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವೂ ನೋಡಿರುತ್ತೀರಿ. ಈತ ಮೊಲ ಕೈಗೆ ಸಿಗುವ ಮೊದಲೇ ಕಾಲೆಣಿಸಿ ಇಟ್ಟಿರುತ್ತಿದ್ದ. ಹೀಗೆ ಮನೆಯಲ್ಲಿ ಕುಳಿತು, ಕೆಳಗಿನ ಕೋಣೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸುತ್ತಿದ್ದ ಹೆಂಡತಿಗೆ ಅಂಗಿ ಮಡಚುವುದು ಹೇಗೆಂದು ಪಾಠ ಹೇಳುತ್ತಿದ್ದಾಗ, ತಿಮಿಂಗಿಲದ ಸಂಸ್ಥೆಯವರು ಅವನನ್ನು ಕರೆದರು.

ಸಂಸ್ಥೆ ಎಂದರೆ ಹಳೆಯ ಮಂಜುಗಡ್ಡೆ ಕಾರ್ಖಾನೆಯ ಮೇಲಿನ ಮಹಡಿ. ಸೋರುವ ನಲ್ಲಿ, ಕುಂಟುವ ಕುರ್ಚಿಗಳು, ಗೋಡೆ ತುಂಬ ಸಮುದ್ರದ ನಕ್ಷೆ. ತಿಮಿಂಗಿಲಗಳು ದೂರದ ಬೆಚ್ಚಗಿನ ನೀರಿನಲ್ಲಿ ಮರಿ ಹಾಕಿ, ತಿಂಗಳುಗಟ್ಟಲೆ ಹೊಟ್ಟೆಗಿಲ್ಲದೆ ಈಜಿ ಈ ತಣ್ಣನೆಯ ಕಡಲಿಗೆ ಬರುತ್ತವೆ. ಇಲ್ಲಿ ಉಂಡದ್ದರಲ್ಲೇ ಅವು ವರ್ಷ ಕಳೆಯಬೇಕು. ಉಣ್ಣುವಾಗ ಅವಕ್ಕೆ ಮೈಮೇಲೆ ಎಚ್ಚರವಿರುವುದಿಲ್ಲ, ಹಡಗು ಬಂದರೂ ಸರಿಯುವುದಿಲ್ಲ. ಬೆನ್ನು ಮುರಿದುಕೊಂಡು ದಡಕ್ಕೆ ಬಂದು ಬೀಳುತ್ತವೆ. ಅವು ಎಲ್ಲಿ ಉಣ್ಣುತ್ತವೆ ಎಂದು ಖಚಿತವಾದರೆ ಹಡಗಿನ ದಾರಿಯನ್ನೇ ಬೇರೆ ಕಡೆ ಹಾಕಿಸಬಹುದು. ಕೆಲವಕ್ಕೆ ಬೆನ್ನ ಮೇಲೆ ಯಂತ್ರ ಅಂಟಿಸಿದ್ದರು. ಅವು ಹೋದಲ್ಲೆಲ್ಲ ಕಂಪ್ಯೂಟರಿನ ಮೇಲೆ ಚುಕ್ಕಿ ಮೂಡುತ್ತಿತ್ತು. ಆದರೆ ಬರೀ ಚುಕ್ಕಿ ನೋಡಿ ತಿಮಿಂಗಿಲ ಅಲ್ಲಿ ಉಂಡಿತೋ, ಸುಮ್ಮನೆ ಹಾದುಹೋಯಿತೋ ಹೇಳಲಾಗದು. ಅದಕ್ಕೆ ಲದ್ದಿಯೇ ಸಾಕ್ಷಿ, ಯಾಕೆಂದರೆ ಉಣ್ಣದವನು ಬಯಲಿಗೆ ಹೋಗುವುದಿಲ್ಲ. ಸಂಸ್ಥೆಯವರು ಅದನ್ನು ನಯವಾಗಿ ಮಾದರಿ ಎನ್ನುತ್ತಿದ್ದರು. ಗಾಳಿರಾಯ ಅವರ ಮುಖಕ್ಕೇ ಲದ್ದಿ ಎನ್ನುತ್ತಿದ್ದ.

ತಿಮಿಂಗಿಲದ ಲದ್ದಿ ನೀರಿನ ಮೇಲೆ ಇಟ್ಟಿಗೆ ಬಣ್ಣದ ತುಣುಕುಗಳಾಗಿ ತೇಲುತ್ತದೆ, ಸ್ವಲ್ಪ ಹೊತ್ತಿಗೆ ಕರಗಿ ಮುಳುಗುತ್ತದೆ. ಅಷ್ಟರೊಳಗೆ ಬಲೆಯಲ್ಲಿ ಮೊಗೆದು ಡಬ್ಬಿಗೆ ತುಂಬಿ ಮಂಜುಗಡ್ಡೆಯಲ್ಲಿ ಇಡಬೇಕು. ಕಣ್ಣಿಗೆ ಕಾಣುವುದು ಕಷ್ಟ, ನಾಯಿಯ ಮೂಗಿಗೆ ಮಾತ್ರ ಬಲು ದೂರದಿಂದ ಸಿಗುತ್ತದೆ. ಅದಕ್ಕೆಂದು ಗಾಳಿರಾಯ ಅನಾಥ ನಾಯಿಗಳ ಆಸರೆಯಿಂದ ಬೂದಿ ಎಂಬ ನಾಯಿಯನ್ನು ಆರಿಸಿ ತಂದ. ಬೂದು ಬಣ್ಣದ, ಒಂದು ಕಿವಿ ಮಡಚಿದ ಬೀದಿನಾಯಿ. ಯಾವ ಮನೆಯವರೂ ಅದನ್ನು ಇಟ್ಟುಕೊಂಡಿರಲಿಲ್ಲ, ಯಾಕೆಂದರೆ ಅದಕ್ಕೆ ಚೆಂಡಿನ ಹುಚ್ಚು. ಒಂದು ರಬ್ಬರ್ ಚೆಂಡು ಸಿಕ್ಕರೆ ಅದಕ್ಕೆ ಅನ್ನ ನೀರು ಬೇಡ. ಅಂಥ ಹುಚ್ಚೇ ಈ ಕೆಲಸಕ್ಕೆ ಬೇಕಾದದ್ದು. ಲದ್ದಿ ತೋರಿಸು, ಚೆಂಡು ತಗೋ: ಇದೇ ಅದಕ್ಕೆ ಕಲಿಸಿದ ವ್ಯವಹಾರ.

ವ್ಯವಹಾರಕ್ಕೆ ಒಂದೇ ಒಂದು ಕಟ್ಟಳೆ. ಲದ್ದಿ ಬಲೆಗೆ ಬಿದ್ದ ಮೇಲೆಯೇ ಚೆಂಡು, ಅದಕ್ಕೆ ಮೊದಲು ಪ್ರಾಣ ಹೋದರೂ ಇಲ್ಲ. ಸಂಸ್ಥೆಯ ಮುಖ್ಯಸ್ಥೆ, ಎಲ್ಲರೂ ಡಾಕ್ಟರಮ್ಮ ಎನ್ನುವ ಹೆಂಗಸು, ಇದನ್ನು ಮೊದಲ ದಿನವೇ ಒತ್ತಿ ಹೇಳಿದ್ದರು. ಗಾಳಿರಾಯ ಮೂಗು ಮುರಿದ. ಆಕೆ ಓದಿದ್ದು ತಿಮಿಂಗಿಲದ ಬಗ್ಗೆ, ನಾಯಿಯ ಬಗ್ಗೆ ತನಗೆ ಹೇಳಲು ಆಕೆ ಯಾರು? ದಿನವಿಡೀ ಉಪ್ಪುಗಾಳಿಗೆ ಮುಖ ಒಡ್ಡಿ ನಿಂತ ಪ್ರಾಣಿ ಬರಿಗೈಯಲ್ಲಿ ಮನೆಗೆ ಹೋಗುವುದು ಅವನಿಗೆ ಸಹಿಸುತ್ತಿರಲಿಲ್ಲ. ಏನೂ ಸಿಗದ ದಿನ, ದೋಣಿಯವನು ಎಂಜಿನಿನ ಕಡೆ ತಿರುಗಿದಾಗ, ಜೇಬಿನಿಂದ ಚೆಂಡು ತೆಗೆದು, "ತಗೋ ಮಗಳೇ, ನೀನು ಸರಿಯಾದ ಕಡೆಗೇ ತೋರಿಸಿದ್ದೆ, ಹಾಳು ತಿಮಿಂಗಿಲ ಬರಲಿಲ್ಲ" ಎಂದು ಮೆತ್ತಗೆ ಎಸೆಯುತ್ತಿದ್ದ. ಈ ಮುದ್ದಿನ ವಿಷಯ ಅವನು ಯಾರಿಗೂ ಹೇಳಲಿಲ್ಲ.

ಸರಿಯಾದ ಕಡೆ ಎಂದರೆ ಯಾವುದು? ಊರಿನ ಮುಂದಿನ ಕಡಲಿನಲ್ಲಿ ತಿಮಿಂಗಿಲದ ಚುಕ್ಕಿಗಳು ಎರಡು ಕಡೆ ಗುಂಪಾಗಿದ್ದವು. ಒಂದು ದೀಪಸ್ತಂಭದ ಕಡೆ. ಇನ್ನೊಂದು ಸಮುದ್ರದ ತಳ ಕಡಿದಂತೆ ಆಳಕ್ಕಿಳಿಯುವ ಜಾಗ, ದೋಣಿಯವರು ಅದನ್ನು ಕಮರಿ ಎನ್ನುತ್ತಿದ್ದರು. ಬೂದಿಗೆ ಮೊಟ್ಟಮೊದಲು ಲದ್ದಿ ಸಿಕ್ಕಿದ್ದು ದೀಪಸ್ತಂಭದ ಕಡೆ. ಆ ದಿನ ದೋಣಿಯಲ್ಲಿ ಪತ್ರಿಕೆಯವನೊಬ್ಬ ಇದ್ದ, ನಾಯಿಯ ಜೊತೆ ಗಾಳಿರಾಯನ ಚಿತ್ರ ಅಚ್ಚಾಯಿತು. ಅಲ್ಲಿಗೆ ಸಮುದ್ರದ ಗುಟ್ಟೆಲ್ಲ ತನ್ನ ಮುಷ್ಟಿಯಲ್ಲಿದೆ ಎಂದು ಅವನಿಗೆ ಖಾತ್ರಿಯಾಯಿತು. ಉಣ್ಣುವುದು ದೀಪಸ್ತಂಭದ ಕಡೆ, ಕಮರಿಯ ಕಡೆ ಬರೀ ಓಡಾಟ. "ಅವು ದಾರಿಹೋಕ ತಿಮಿಂಗಿಲ ಮೇಡಂ, ಅಲ್ಲಿ ಉಣ್ಣಲ್ಲ" ಎಂದು ನಕ್ಷೆಯ ಮೇಲೆ ಬೆರಳಿಟ್ಟು ಹೇಳಿದ. ನೋಡಿದರೆ ನಾಯಿಯೂ ಹಾಗೇ ಹೇಳಿತು. ಕಮರಿಯ ಕಡೆ ಹೋದರೆ ಬೂದಿ ದೋಣಿಯ ಮೂತಿಯ ಮೇಲೆ ಸುಮ್ಮನೆ ಕೂರುತ್ತಿತ್ತು. ದೀಪಸ್ತಂಭದ ಕಡೆ ಹೊರಳಿದರೆ ಎದ್ದು ನಿಂತು ಬಾಲ ಬೀಸುತ್ತಿತ್ತು. ಡಾಕ್ಟರಮ್ಮ ಒಂದೆರಡು ಸಲ ಅನುಮಾನದಿಂದ ಕೇಳಿದರೂ ನಾಯಿಯ ಮೂಗಿನ ಜೊತೆ ವಾದ ಮಾಡುವವರು ಯಾರು?

ನಾಲ್ಕಾರು ವರ್ಷದಲ್ಲಿ ನಕ್ಷೆ ಸಿದ್ಧವಾಯಿತು. ಲದ್ದಿ ಸಿಕ್ಕಲ್ಲೆಲ್ಲ ಕೆಂಪು ಗುರುತು: ದೀಪಸ್ತಂಭದ ಕಡೆ ಇಡೀ ಕೆಂಪು, ಕಮರಿಯ ಕಡೆ ಖಾಲಿ. ಹಡಗಿನ ದಾರಿಯನ್ನು ದೀಪಸ್ತಂಭದಿಂದ ತೆಗೆದು ಕಮರಿಯ ಮೇಲೆ ಹಾಕುವುದೆಂದು ಮಾತಾಯಿತು. ಬಂದರಿನ ಅಧಿಕಾರಿ, ಹಡಗು ಕಂಪನಿಯ ಪ್ರತಿನಿಧಿ ಎಲ್ಲ ಕೂಡಿ ಒಪ್ಪಿಗೆ ಕೊಡುವ ಸಭೆಯೂ ಗೊತ್ತಾಯಿತು. ಸಭೆಯಲ್ಲಿ ನಾಯಿಯನ್ನೂ ಗಾಳಿರಾಯನನ್ನೂ ವೇದಿಕೆಗೆ ಕರೆಯುತ್ತಾರಂತೆ. ಅವನು ಆ ವಾರ ನೆಲದ ಮೇಲೆ ನಡೆಯಲಿಲ್ಲ. ಹೆಂಡತಿ ಕೋಟಿಗೆ ಇಸ್ತ್ರಿ ಹಾಕಿದರೆ, ತೋಳಿನ ಗೀರು ನೇರವಿಲ್ಲವೆಂದು ಮತ್ತೆ ಹಾಕಿಸಿದ.

ಆಗ ಅವನ ದವಡೆ ಹಲ್ಲು ಕೈಕೊಟ್ಟಿತು. ಮುಖದ ಒಂದು ಕಡೆ ಸೋರೆಬುರುಡೆಯ ಹಾಗೆ ಊದಿಕೊಂಡಿತು. ಹಲ್ಲಿನ ವೈದ್ಯನೂ ಮೂರ್ಖನೇ, ಆದರೆ ಕೈಯಲ್ಲಿ ಇಕ್ಕಳ ಹಿಡಿದ ಮೂರ್ಖನಿಗೆ ಎದುರು ಮಾತಾಡಲಾಗದು. ಹಲ್ಲು ಕಿತ್ತು, ಕೆಲವು ದಿನ ಸಮುದ್ರದ ಗಾಳಿ ಸೋಕಬಾರದು ಎಂದ. ಇತ್ತ ಋತು ಮುಗಿಯುತ್ತ ಬಂದಿತ್ತು, ಕೊನೆಯ ಸುತ್ತಿನ ಲದ್ದಿ ಸಂಗ್ರಹ ಬಾಕಿಯಿತ್ತು. ಬೂದಿ ಮಾತು ಕೇಳುವುದು ಲೋಕದಲ್ಲಿ ಇಬ್ಬರದು ಮಾತ್ರ, ಅವನದು ಮತ್ತು ಅನ್ನ ಹಾಕುವ ಹೆಂಡತಿಯದು. ಡಾಕ್ಟರಮ್ಮ ಇಸ್ತ್ರಿ ಅಂಗಡಿಗೇ ಬಂದು ಕೇಳಿದರು.

"ನಂಗೆ ಸಮುದ್ರ ಕಂಡ್ರೆ ಆಗಲ್ಲಮ್ಮ" ಎಂದಳು ಹೆಂಡತಿ. "ತಿಮಿಂಗಿಲದ ತಲೆ ಯಾವುದು ಬಾಲ ಯಾವುದು ಅಂತಾನೂ ಗೊತ್ತಿಲ್ಲ."

"ನೀವು ಸುಮ್ನೆ ಹಗ್ಗ ಹಿಡ್ಕೊಂಡು ಕೂತ್ರೆ ಸಾಕು. ನಾಯಿ ಎತ್ತ ವಾಲುತ್ತೋ ಅತ್ತ ಕೈ ತೋರಿಸಿ."

ಒಳಕೋಣೆಯಿಂದ ಗಾಳಿರಾಯ ಊದಿದ ಬಾಯಲ್ಲೇ ಗೊಳ್ಳೆಂದು ನಕ್ಕ, ನೋವಿಗೆ ಅಲ್ಲೇ ಮುಲುಗಿದ. "ಕಳ್ಸಿ ಕಳ್ಸಿ! ವಾಂತಿ ಮಾದರಿ ತರ್ತಾಳೆ" ಎಂದ.

ಹೆಂಡತಿ ಹೋದಳು, ವಾಂತಿಯನ್ನೂ ಮಾಡಿದಳು. ಆದರೆ ಸಂಜೆ ಬಂದಾಗ ಮಂಜುಗಡ್ಡೆಯ ಪೆಟ್ಟಿಗೆ ತುಂಬಿತ್ತು. ದೋಣಿಯವನು, ಹತ್ತು ಮಾತಿಗೆ ಒಂದು ಉತ್ತರ ಕೊಡುವ ಆಸಾಮಿ, ಅವತ್ತು ತಾನಾಗಿಯೇ ಮನೆಯವರೆಗೆ ಬಂದು ಬಾಗಿಲಲ್ಲಿ ನಿಂತ.

"ರಾಯರೇ, ಎಲ್ಲ ಕಮರಿ ಕಡೆದು" ಎಂದ.

"ಯಾವ ಕಮರಿ?"

"ನಮ್ಮ ಕಡಲಲ್ಲಿ ಇರೋದು ಒಂದೇ ಕಮರಿ. ನಾಯಿ ನಿಲ್ಲಲೇ ಇಲ್ಲ. ಒಂದು ಮೊಗೀತಿದ್ರೆ ಇನ್ನೊಂದಕ್ಕೆ ಎಳೀತಿತ್ತು. ತಿಮಿಂಗಿಲಗಳು ಬಾಯಿ ತೆಗೆದು ಉಣ್ತಿದ್ವು, ನಾನೇ ಕಣ್ಣಾರೆ ಕಂಡೆ."

ಗಾಳಿರಾಯನಿಗೆ ಕಿತ್ತ ಹಲ್ಲಿನ ಜಾಗದಲ್ಲಿ ಮತ್ತೆ ಹಲ್ಲು ನೋಯುವ ಹಾಗಾಯಿತು. ಮೊದಲು ದೋಣಿಯವನ ಕಣ್ಣಿಗೆ ಬೈದ, ಆಮೇಲೆ ಗಾಳಿಗೆ ಬೈದ, ಕೊನೆಗೆ ಕುರುಡನ ಕಲ್ಲೂ ಒಮ್ಮೊಮ್ಮೆ ಮಾವಿನಕಾಯಿಗೆ ಬೀಳುತ್ತದೆ ಎಂದ. ಮಾರನೆಯ ದಿನ ಹೆಂಡತಿ ಮತ್ತೆ ಹೋದಳು, ಕಲ್ಲು ಮತ್ತೆ ಮಾವಿನಕಾಯಿಗೇ ಬಿತ್ತು. ಅದರ ಮಾರನೆಯ ದಿನ ಅವನು ತಡೆಯಲಾರದೆ, ಮುಖಕ್ಕೆ ಹೆಂಡತಿಯ ಶಾಲು ಸುತ್ತಿಕೊಂಡು, ವೈದ್ಯನ ಮಾತು ಗಾಳಿಗೆ ತೂರಿ ತಾನೇ ಹೋದ. ದೋಣಿಯನ್ನು ನೇರ ಕಮರಿಗೆ ಬಿಡಿಸಿದ. ಬೂದಿ ದೋಣಿಯ ಮೂತಿಯಲ್ಲಿ ಸುಮ್ಮನೆ ಕೂತಿತು. ದೀಪಸ್ತಂಭದ ಕಡೆ ಹೊರಳಿದಾಗ ಎದ್ದು ಬಾಲ ಬೀಸಿತು. ಸಂಜೆ ಗೆದ್ದ ಹುಂಜದ ಹಾಗೆ ಮನೆಗೆ ಬಂದ.

"ನೋಡಿದ್ಯಾ? ನಾನಿದ್ರೆ ನಾಯಿ ಸರಿಯಾಗಿ ಹೇಳುತ್ತೆ. ನಿನ್ನ ಕೈಲಿ ತಲೆಕೆಟ್ಟಿತ್ತು" ಎಂದ.

ಹೆಂಡತಿ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಅವನ ಮುಖ ನೋಡಿದಳು. ಇಪ್ಪತ್ತೈದು ಮೂವತ್ತು ವರ್ಷ ಅವನ ಮುಖ ನೋಡಿ ಪಳಗಿದವಳು. ಕಾಫಿ ಚೆನ್ನಾಗಿಲ್ಲ ಎಂದು ಅವನು ಹೇಳುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಹುಬ್ಬು ಎಷ್ಟು ಏರಿದರೆ ಏನರ್ಥ ಎಂಬುದು ಆ ಮನೆಯಲ್ಲಿ ಬದುಕುವವರು ಕಲಿಯಲೇಬೇಕಾದ ವಿದ್ಯೆ. ತನ್ನಂತೆ ಇನ್ನೊಂದು ಜೀವವೂ ಅದೇ ವಿದ್ಯೆ ಕಲಿತಿದೆಯೋ ಏನೋ ಎಂದು ಅವಳಿಗೆ ಆಗ ಮೊದಲ ಸಲ ಅನ್ನಿಸಿತು.

"ರೀ, ಒಂದು ಆಟ ಆಡೋಣ. ನೀವು ನಾಯಿ ಕರ್ಕೊಂಡು ಬೀದಿಗೆ ಹೋಗಿ. ನಾನು ಚೆಂಡು ಬಚ್ಚಿಡ್ತೀನಿ" ಎಂದಳು.

"ನಾನೇನು ಚಿಕ್ಕ ಮಗೂನಾ?"

"ಅಲ್ಲ. ಮತ್ತೆ ಹೆದರಿಕೆ ಯಾಕೆ?"

ಹೆದರಿಕೆ ಎಂದ ಮೇಲೆ ಅವನು ಹೋಗಲೇಬೇಕಾಯಿತು. ವಾಪಸ್ಸು ಬಂದು ಕೋಣೆಯ ನಡುವೆ ನಿಂತ. ಈಕೆಯ ಬುದ್ಧಿ ತನಗೆ ಗೊತ್ತಿಲ್ಲವೇ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಹಾಕಿರುತ್ತಾಳೆ ಎಂದುಕೊಂಡ. "ಹುಡುಕು ಮಗಳೇ" ಎಂದ. ಬೂದಿ ಅವನ ಮುಖ ನೋಡಿತು, ಮೊಣಕಾಲು ನೋಡಿತು, ನೆಟ್ಟಗೆ ಹೋಗಿ ಬುಟ್ಟಿಯ ಮುಂದೆ ಕುಳಿತು ಬಾಲ ಬೀಸಿತು. ಅವನು ಬುಟ್ಟಿ ಬೋರಲು ಹಾಕಿದ, ಬರೀ ಯಾರದೋ ಅಂಗಿಗಳು. ಹಾಗಾದರೆ ಬೀರುವಿನ ಹಿಂದೆ ಇರಬೇಕು ಎಂದುಕೊಂಡ. ನಾಯಿ ಬೀರುವಿನ ಹಿಂದೆ ಹೋಗಿ ಕೂತಿತು. ಅಲ್ಲೂ ಇಲ್ಲ. ಆಗ ಅವನಿಗೆ ಅನುಮಾನ ಬಂತು. ಬೇಕೆಂದೇ, ಚೆಂಡು ಇರಲು ಸಾಧ್ಯವೇ ಇಲ್ಲದ ಕಡೆ, ತನ್ನ ಸ್ವಂತ ಬೂಟಿನಲ್ಲಿ ಇದೆ ಎಂದು ಮನಸ್ಸಿನಲ್ಲಿ ಅಂದುಕೊಂಡ, ತುಟಿ ಪಿಟಕ್ಕೆನ್ನಲಿಲ್ಲ. ಬೂದಿ ಹೋಗಿ ಬೂಟಿನ ಮುಂದೆ ಕುಳಿತಿತು, ಸಂತೋಷವೇ ಮೈಯಾಗಿ.

ಚೆಂಡು ಹೆಂಡತಿಯ ಮಗ್ಗುಲಲ್ಲೇ, ಇಸ್ತ್ರಿ ಮೇಜಿನ ಮೇಲೆ ಮಡಚಿಟ್ಟ ದುಪ್ಪಟಿಯ ಕೆಳಗೆ ಇತ್ತು. ನಾಯಿ ಎರಡು ಸಲ ಅದರ ಪಕ್ಕದಲ್ಲೇ ಹಾದುಹೋಗಿತ್ತು.

ಅವನು ಕುಂಟು ಸ್ಟೂಲಿನ ಮೇಲೆ ಕುಸಿದ. ಇಷ್ಟು ದಿನ ನಾಯಿ ಲದ್ದಿ ಹುಡುಕಿರಲೇ ಇಲ್ಲ, ಅವನನ್ನು ಓದುತ್ತಿತ್ತು. ಅವನ ಮೊಣಕಾಲು ಎತ್ತ ಬಿಗಿಯುತ್ತದೆ, ಹಗ್ಗ ಎತ್ತ ಸಡಿಲವಾಗುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಅಷ್ಟೇ ಅದಕ್ಕೆ ಬೇಕಾಗಿತ್ತು. ಲದ್ದಿ ಸಿಕ್ಕರೂ ಚೆಂಡು, ಸಿಗದಿದ್ದರೂ ಚೆಂಡು. ಗಾಳಿರಾಯನ ಮನಸ್ಸಿನಂತೆ ನಡೆದರೆ ಸಾಕು. ದೀಪಸ್ತಂಭದ ಕಡೆಯೂ ತಿಮಿಂಗಿಲ ಉಣ್ಣುತ್ತಿದ್ದವು, ಅದಕ್ಕೇ ಆಗಾಗ ಲದ್ದಿ ಸಿಕ್ಕು ಮೋಸ ನಡೆದುಹೋಗಿತ್ತು. ನನ್ನ ಮಾತು ಯಾರೂ ಕೇಳುವುದಿಲ್ಲ ಎಂದು ತಮ್ಮನಿಂದ ಹಿಡಿದು ಅಳಿಯನವರೆಗೆ ಎಲ್ಲರ ಮೇಲೂ ಹರಿಹಾಯ್ದವನು ಅವನು. ಲೋಕದಲ್ಲಿ ಒಂದೇ ಒಂದು ಪ್ರಾಣಿ ಅವನು ಆಡದ ಮಾತನ್ನೂ ಕೇಳಿಸಿಕೊಂಡಿತ್ತು. ಅದರ ಮೂಗನ್ನು ಅವನೇ ತನ್ನ ಕೈಯಾರೆ ಹಾಳು ಮಾಡಿದ್ದ. ಅವನಿಗೆ ನಾಚಿಕೆಯಾಯಿತು. ಅಭ್ಯಾಸವಿಲ್ಲದ ಕಾರಣ ಅದು ನಾಚಿಕೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಂಗೆ ಹೇಗೆ ಸಿಕ್ತು ಹಾಗಾದ್ರೆ, ಕಮರಿಯಲ್ಲಿ?" ಎಂದು ಕೇಳಿದ.

"ನಂಗೇನು ಗೊತ್ತಿತ್ತು ಅಲ್ಲಿ? ವಾಂತಿ ಮಾಡ್ತಾ ತಲೆ ಕೆಳಗೆ ಹಾಕಿದ್ದೆ. ನನ್ನ ನೋಡಿದ್ರೆ ಅದಕ್ಕೆ ಏನೂ ಸಿಗಲ್ಲ ಅಂತ ತನ್ನ ಮೂಗಿನ ಕೆಲಸ ತಾನು ಮಾಡ್ತು."

ಮಾರನೆಯ ಬೆಳಗ್ಗೆ ಅವನು ಮಂಜುಗಡ್ಡೆ ಕಾರ್ಖಾನೆಯ ಮೆಟ್ಟಿಲು ಹತ್ತಿದ. ಕಮರಿಯಲ್ಲೂ ತಿಮಿಂಗಿಲ ಉಣ್ಣುತ್ತವೆ, ದಾರಿ ಅಲ್ಲಿ ಹಾಕಿದರೆ ಹಡಗು ಅವುಗಳ ತಟ್ಟೆಯ ಮೇಲೇ ಹರಿಯುತ್ತದೆ, ನಕ್ಷೆ ತಪ್ಪು, ತಪ್ಪು ತನ್ನದು ಎಂದು ಹೇಳಿದ. ಹೇಳುವಾಗ ಸೋರುವ ನಲ್ಲಿಯನ್ನೇ ನೋಡುತ್ತಿದ್ದ. ಡಾಕ್ಟರಮ್ಮನ ಮೇಜಿನ ಮೇಲೆ ಹೊಳೆಯುವ ಕಾಗದದಲ್ಲಿ ಅಚ್ಚಾದ ನಕ್ಷೆಯ ಕಟ್ಟುಗಳು ಇದ್ದವು.

"ಈ ದಾರಿ ಸರಿಸೋಕೆ ನಾನು ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ ನಿಮಗೆ?" ಎಂದರು. "ಈಗ ನಕ್ಷೆ ತಪ್ಪು ಅಂದ್ರೆ ಕಂಪನಿಯವರು ಇಡೀದನ್ನೇ ಹರಿದು ಎಸೀತಾರೆ. ದೀಪಸ್ತಂಭದ ಕಡೆಯಾದ್ರೂ ಉಳೀಲಿ. ಕಮರಿದು ಮುಂದೆ ನೋಡೋಣ. ನೀವು ನಾಳೆ ಬಂದು ನಾಯಿ ಜೊತೆ ನಿಂತು ಹೋಗಿ, ಬಾಯಿ ಬಿಡಬೇಡಿ."

"ಮುಂದೆ ಅಂದ್ರೆ ಎಷ್ಟು ತಿಮಿಂಗಿಲ ಸತ್ತ ಮೇಲೆ ಮೇಡಂ?"

"ಅದನ್ನ ನನ್ನ ಕೇಳ್ತಿದ್ದೀರಾ ನೀವು?" ಎಂದರು ಡಾಕ್ಟರಮ್ಮ.

ಅವನು ಬಾಗಿಲ ಕಡೆ ತಿರುಗಿದ. ಮೆಟ್ಟಿಲಿಳಿಯುವಾಗ ದಾರಿಯುದ್ದಕ್ಕೂ ಆಕೆಯನ್ನು ಬೈದುಕೊಂಡ. ಓದಿದವರ ಹಣೆಬರಹವೇ ಇಷ್ಟು, ಅಚ್ಚಾದದ್ದು ಸತ್ಯ ಎನ್ನುತ್ತಾರೆ, ಸಮುದ್ರ ಬೇಕಾದರೆ ತಿದ್ದಿಕೊಳ್ಳಲಿ ಎನ್ನುತ್ತಾರೆ. ಜೆಟ್ಟಿಗೆ ಬಂದಾಗ ಬೈಗುಳ ಮುಗಿದು ಲೆಕ್ಕ ಶುರುವಾಯಿತು. ಬಾಯಿ ಬಿಟ್ಟರೆ ಊರೆಲ್ಲ ನಗುತ್ತದೆ, ಬೂದಿಯನ್ನು ಕೆಲಸಕ್ಕೆ ಬಾರದ ನಾಯಿ ಎಂದು ಆಸರೆಗೆ ವಾಪಸ್ಸು ಅಟ್ಟುತ್ತಾರೆ. ಬಿಡದಿದ್ದರೆ ಮುಂದಿನ ವರ್ಷ ಮರಿಗಳ ಜೊತೆ ಹಸಿದು ಬರುವ ತಿಮಿಂಗಿಲಗಳು ಕಮರಿಯಲ್ಲಿ ಬಾಯಿ ತೆರೆಯುತ್ತವೆ, ಮೇಲೆ ಹಡಗು ಬರುತ್ತದೆ.

ಸಭೆ ಬಂದರಿನ ಕಚೇರಿಯ ಉದ್ದನೆಯ ಕೋಣೆಯಲ್ಲಿ ನಡೆಯಿತು. ಪ್ಲಾಸ್ಟಿಕ್ ಹೂವಿನ ಕುಂಡ, ಕಿಟಕಿಗೆ ಮಾಸಿದ ಹಸಿರು ಪರದೆ, ಕುರ್ಚಿಗಳಲ್ಲಿ ಗಡಿಯಾರ ನೋಡಿಕೊಳ್ಳುವ ಜನ. ಗಾಳಿರಾಯನ ಹೆಂಡತಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಡಾಕ್ಟರಮ್ಮ ಚೆನ್ನಾಗಿಯೇ ಮಾತಾಡಿದರು. ಕೊನೆಗೆ ನಾಯಿಯನ್ನು ಕರೆದರು, ಜನ ಚಪ್ಪಾಳೆ ತಟ್ಟಿದರು, ಗಾಳಿರಾಯ ನೇರ ಗೀರಿನ ಕೋಟು ಹಾಕಿಕೊಂಡು ವೇದಿಕೆಗೆ ಬಂದ. ಬಂದವನು ಕೈಮುಗಿದು ಇಳಿಯಲಿಲ್ಲ. ಜೇಬಿನಿಂದ ಚೆಂಡು ತೆಗೆದು ಬಂದರಿನ ಅಧಿಕಾರಿಯ ಕೈಗೆ ಕೊಟ್ಟ.

"ನಾವು ಹೊರಗೆ ಹೋಗ್ತೀವಿ. ಇದನ್ನ ನೀವು ಎಲ್ಲಾದ್ರೂ ಬಚ್ಚಿಡಿ. ಎಲ್ಲಿಟ್ರಿ ಅಂತ ನಂಗೆ ಹೇಳಬೇಡಿ" ಎಂದ.

ಡಾಕ್ಟರಮ್ಮ ಕಣ್ಣಲ್ಲೇ ಬೇಡ ಎಂದರು. ಅವನು ಆ ಕಡೆ ನೋಡಲಿಲ್ಲ. ನಾಯಿಯನ್ನು ಕರೆದುಕೊಂಡು ಹೊರಗೆ ಹೋಗಿ, ಮತ್ತೆ ಒಳಗೆ ಬಂದ ಮೇಲೆ ಅಧಿಕಾರಿಯ ಕಿವಿಯಲ್ಲಿ, "ಕಿಟಕಿ ಪರದೆ ಹಿಂದೆ ಇದೆ ಅಂತ ನಾನು ಮನಸ್ಸಲ್ಲಿ ಅಂದ್ಕೊಂಡಿದ್ದೀನಿ" ಎಂದು ಪಿಸುಗುಟ್ಟಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ. ಬೂದಿ ಅವನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿತು. ಆಮೇಲೆ ಬಾಲ ಬೀಸುತ್ತ ಹೋಗಿ ಪರದೆಯ ಮುಂದೆ ಕುಳಿತಿತು.

"ಚೆಂಡು ಅಲ್ಲಿಲ್ಲ" ಎಂದ ಅಧಿಕಾರಿ.

"ಇಲ್ಲ ಅಂತ ನಂಗೂ ಗೊತ್ತು. ಕಮರೀಲಿ ತಿಮಿಂಗಿಲ ಉಣ್ಣಲ್ಲ ಅಂತ ಹೇಳಿದ್ದು ನಾಯಿ ಅಲ್ಲ ಸ್ವಾಮಿ, ನಾನು. ಅದು ನನ್ನ ಮುಖ ನೋಡಿ ಹೇಳ್ತು. ನಕ್ಷೆಯಲ್ಲಿರೋದು ತಿಮಿಂಗಿಲದ ಊಟ ಅಲ್ಲ, ನನ್ನ ತಲೆ."

ಮೊದಲು ಯಾರೋ ಮೂಗಿನಲ್ಲಿ ನಕ್ಕರು, ಆಮೇಲೆ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಜೀವಮಾನವಿಡೀ ಅವನು ಬಿತ್ತಿದ ಅಪಹಾಸ್ಯ ಅವತ್ತು ಬಡ್ಡಿ ಸಮೇತ ಮನೆಗೆ ಬಂತು. ಅದನ್ನು ಅವನು ಹಲ್ಲು ಕಚ್ಚಿ, ಇರುವಷ್ಟು ಹಲ್ಲು ಕಚ್ಚಿ, ಸಹಿಸಿದ. ಸಹಿಸಲಾಗದ್ದು ಬೇರೆ ಇತ್ತು. ಬೂದಿ ಪರದೆಯ ಮುಂದೆ ಕೂತೇ ಇತ್ತು. ಹೇಳಿದ ಹಾಗೆ ಮಾಡಿದ್ದೇನೆ, ಕೊಡು, ಎಂದು ಅವನ ಕೈಯನ್ನೇ ನೋಡುತ್ತಿತ್ತು. ಅವನು ಕೊಡಲಿಲ್ಲ. ಅದರ ಬಾಲ ನಿಧಾನವಾಗಿ ನಿಂತಿತು.

ಹಡಗು ಕಂಪನಿಯ ಪ್ರತಿನಿಧಿ ಎದ್ದು ನಿಂತ. "ಹಾಗಾದ್ರೆ ಈ ನಾಯಿ ಹುಡುಕಿದ್ದು ಯಾವುದೂ ನಂಬೋ ಹಾಗಿಲ್ಲ. ದಾರಿ ಬದಲಿಸೋ ಮಾತೇ ಇಲ್ಲ, ಅಲ್ವಾ?" ಎಂದ.

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಗಾಳಿರಾಯ ಹಗ್ಗ ಹಿಡಿದು ನಾಯಿಯನ್ನು ಎಬ್ಬಿಸಿ, ಹಿಂದಿನ ಸಾಲಿಗೆ ನಡೆದು, ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟ.

"ಕೆಟ್ಟಿರೋದು ನಾಯಿ ಅಲ್ಲ. ನಾನು ಈಗ ಹೊರಗೆ ಹೋಗ್ತೀನಿ. ಇವಳು ನಾಯಿ ಕಣ್ಣು ಮುಚ್ಚಿ ಗೋಡೆ ಕಡೆ ತಿರುಗಿರ್ತಾಳೆ, ಚೆಂಡಿನ ಜಾಗ ಬದಲಿಸಿ. ಆಮೇಲೆ ನೋಡಿ" ಎಂದ. ಹೆಂಡತಿಗೆ ಮೆಲ್ಲಗೆ, "ನೀನು ಏನೂ ಅಂದ್ಕೋಬೇಡ" ಎಂದ.

"ನಾನು ಯಾವಾಗ ಅಂದ್ಕೊಂಡಿದ್ದೀನಿ?" ಎಂದಳು ಅವಳು.

ಅವನು ಬಾಗಿಲು ಎಳೆದು ಹೊರಗೆ ಬಂದ. ಓಣಿಯಲ್ಲಿ ಒಂದು ಬೆಂಚು, ನೀರಿನ ಪಾತ್ರೆ, ಗೋಡೆಗೆ ಒರಗಿಸಿದ ಕಸಪೊರಕೆ. ಬಾಗಿಲಿಗೆ ಬೆನ್ನು ಮಾಡಿ ಕುಳಿತ. ಒಳಗೆ ಮೊದಲು ಗುಸುಗುಸು, ಆಮೇಲೆ ಮೌನ. ನೆಲದ ಮೇಲೆ ಉಗುರಿನ ಸಪ್ಪಳ ಹತ್ತಿರ ಬಂತು. ಬೂದಿ ಬಾಗಿಲ ಸಂದಿಗೆ ಮೂಗಿಟ್ಟು ಅವನನ್ನು ಹುಡುಕಿತು. ಅವನು ಉಸಿರು ಬಿಗಿಹಿಡಿದ. ಹೋಗು ಎಂದು ಕೂಡ ಮನಸ್ಸಿನಲ್ಲಿ ಅಂದುಕೊಳ್ಳಲು ಹೆದರಿದ. ಉಗುರಿನ ಸಪ್ಪಳ ದೂರ ಸರಿಯಿತು, ಎಲ್ಲೋ ನಿಂತಿತು. ಏನೋ ಉರುಳಿ ಬಿದ್ದ ಸದ್ದು, ಪ್ಲಾಸ್ಟಿಕ್ ಕುಂಡ ಇರಬೇಕು. ಆಮೇಲೆ ಚಪ್ಪಾಳೆ.

ತುಸು ಹೊತ್ತಿನ ಮೇಲೆ ಹೆಂಡತಿ ಬಾಗಿಲು ಅರ್ಧ ತೆರೆದು ತಲೆ ಹೊರಗೆ ಹಾಕಿದಳು. "ಕುಂಡದೊಳಗಿತ್ತು ರೀ. ಬಾಗಿಲಿಂದ ನೆಟ್ಟಗೆ ಅಲ್ಲಿಗೇ ಹೋಯ್ತು. ಮುಂದಿನ ವರ್ಷ ಎರಡೂ ಕಡೆ ಮತ್ತೆ ನೋಡೋವರೆಗೂ ದಾರಿ ಬದಲಾಗಲ್ವಂತೆ, ಎರಡೂ ಕಡೆ ಹಡಗು ನಿಧಾನಕ್ಕೆ ಹೋಗಬೇಕಂತೆ. ನಾಯಿ ಜೊತೆ ನಾನೇ ಹೋಗಬೇಕಂತೆ. ಬನ್ನಿ ಒಳಗೆ, ಅದು ಚೆಂಡು ಕಚ್ಕೊಂಡು ನಿಮ್ಮನ್ನೇ ಹುಡುಕ್ತಿದೆ."

ಗಾಳಿರಾಯ ಅವಳ ಕಡೆ ತಿರುಗಲಿಲ್ಲ. ಅವನ ಊದಿದ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಬಾಗಿಲು ಹಾಕು" ಎಂದ. "ನಾನು ಕಂಡ್ರೆ ಅದಕ್ಕೆ ಮತ್ತೆ ಮೂಗು ಮರೆತು ಹೋಗುತ್ತೆ."

ಹೆಂಡತಿ ಬಾಗಿಲು ಹಾಕಿದಳು. ಅವನು ಎದ್ದು, ಬೂದಿಗೆ ತನ್ನ ಹೆಜ್ಜೆಯ ಸದ್ದು ಕೇಳಿಸದಿರಲೆಂದು ಬೂಟು ಕಳಚಿ ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು ಮನೆಗೆ ಹೋದ.